4294967297 ಅವಿಭಾಜ್ಯ ಸಂಖ್ಯೆಯೇ? ಕೈಲೆಕ್ಕದಲ್ಲೇ ಕಂಡುಹಿಡಿಯಬಹುದೇ?

ಅವಿಭಾಜ್ಯವಲ್ಲ: 641 × 6700417. ಕೈಲೆಕ್ಕ ಸಾಕು, ಆದರೆ 3, 7, 11 ಎಂದು ಸಾಲಾಗಿ ಭಾಗಿಸುತ್ತ ಕೂರಬೇಡಿ. ಆ ದಾರಿಯಲ್ಲಿ 641 ಸಿಗುವುದು 114ನೇ ಸರದಿಗೆ.

ಈ ಸಂಖ್ಯೆ 2³² + 1. 2ರ 1, 2, 4, 8, 16, 32ನೇ ಘಾತ ಹೀಗೆ ತೆಗೆದು 1 ಕೂಡಿಸಿದರೆ ಸಿಗುವವು ಫರ್ಮಾ ಸಂಖ್ಯೆಗಳು. ಅವುಗಳಲ್ಲಿ 3, 5, 17, 257, 65537 ಆದಮೇಲೆ ಬರುವುದು ಇದೇ. ಮೊದಲ ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆಂದು ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641 ತೋರಿಸಿ ಆ ನಂಬಿಕೆ ಮುರಿದ.

ಉಪಾಯ ಇಷ್ಟೇ. ಇದನ್ನು ಭಾಗಿಸುವ ಯಾವುದೇ ಅವಿಭಾಜ್ಯ 64k + 1 ರೂಪದಲ್ಲಿರಬೇಕು ಎಂಬುದು ಆಯ್ಲರ್ ಕಂಡದ್ದು. ಗಣಿತಜ್ಞ ಲ್ಯೂಕಾ ಆಮೇಲೆ ಅದನ್ನು 128k + 1ಕ್ಕೆ ಬಿಗಿ ಮಾಡಿದ. ಹಾಗಾದರೆ ಸಾಲು: 129, 257, 385, 513, 641. ಇದರಲ್ಲಿ 129 ಮತ್ತು 513 ಮೂರರಿಂದ, 385 ಐದರಿಂದ ಭಾಗವಾಗುತ್ತವೆ. 257 ತಾನೇ ಫರ್ಮಾ ಸಂಖ್ಯೆ, ಎರಡು ಬೇರೆ ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಇರುವುದಿಲ್ಲ. ಅಂದರೆ ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲನೆಯದೇ 641!

ಭಾಗಾಕಾರವೂ ಬೇಡವೆನ್ನುವವರಿಗೆ: 641 = 5 × 2⁷ + 1, ಜೊತೆಗೆ 641 = 5⁴ + 2⁴. ಮೊದಲನೆಯದರಿಂದ, 641ರ ಶೇಷದ ಲೆಕ್ಕದಲ್ಲಿ 5 × 2⁷ ಎಂದರೆ −1. ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ ಎಂದರೆ 1. ಎರಡನೆಯದರಿಂದ 5⁴ ಎಂದರೆ −2⁴. ಅದನ್ನು ಹಾಕಿದರೆ −2³² = 1, ಅಂದರೆ 2³² + 1ರ ಶೇಷ ಸೊನ್ನೆ.

ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. 6700417 ಅವಿಭಾಜ್ಯವೇ ಎಂದು ನೋಡುವುದಿಲ್ಲ. ಅದರ ವರ್ಗಮೂಲ 2588 ಚಿಲ್ಲರೆ. ಅಷ್ಟರೊಳಗೆ 128k + 1 ರೂಪದ ಅವಿಭಾಜ್ಯಗಳಲ್ಲಿ 257 ಬಿಟ್ಟರೆ ಉಳಿಯುವುದು ನಾಲ್ಕೇ: 641, 769, 1153, 1409. ಶೇಷಗಳು ಕ್ರಮವಾಗಿ 44, 120, 334, 622. ಒಂದೂ ಸೊನ್ನೆಯಲ್ಲ, ಆದ್ದರಿಂದ ಅವಿಭಾಜ್ಯ. ಹೀಗಾಗಿ ಮೂಲ ಸಂಖ್ಯೆಗೆ ಭಾಜಕಗಳು ನಾಲ್ಕು, ಅವುಗಳ ಮೊತ್ತ 4301668356.

ಪ್ರೋಗ್ರಾಂ ಬರೆಯುವವರು ಎಡವುವ ಜಾಗ ಬೇರೆ. 32 ಬಿಟ್‌ನ ಧನ ಪೂರ್ಣಾಂಕದಲ್ಲಿ ಹಿಡಿಸುವುದು 4294967295ರವರೆಗೆ, ಹಾಗಾಗಿ ಈ ಸಂಖ್ಯೆ ಸದ್ದಿಲ್ಲದೆ 1 ಆಗಿಬಿಡುತ್ತದೆ. 64 ಬಿಟ್ ತಗೊಂಡು 2ನ್ನು ಆಧಾರವಾಗಿಟ್ಟು ಫರ್ಮಾ ಪರೀಕ್ಷೆ (n ಅವಿಭಾಜ್ಯವಾದರೆ ಆಧಾರದ n − 1ನೇ ಘಾತವನ್ನು n ನಿಂದ ಭಾಗಿಸಿದಾಗ ಶೇಷ 1 ಬರಬೇಕು ಎಂಬ ಪರೀಕ್ಷೆ) ಮಾಡಿದರೆ ಇನ್ನೊಂದು ತಮಾಷೆ. ಸರಿಯಾಗಿ ಲೆಕ್ಕ ಮಾಡಿದರೆ ಉತ್ತರ 1 ಬಂದು, ಸಂಖ್ಯೆ ಅವಿಭಾಜ್ಯದಂತೆ ಕಾಣುತ್ತದೆ, ಅದು ತಪ್ಪು. ಆದರೆ ನಡುವೆ 2³²ರ ವರ್ಗ 2⁶⁴ ಬಂದಾಗ 64 ಬಿಟ್ ತುಂಬಿ ಹರಿದು ಸೊನ್ನೆಯಾಗುತ್ತದೆ, ಪ್ರೋಗ್ರಾಂ "ಅವಿಭಾಜ್ಯವಲ್ಲ" ಎನ್ನುತ್ತದೆ. ಉತ್ತರ ಸರಿ, ಲೆಕ್ಕ ಪೂರ್ತಿ ತಪ್ಪು. ಆಧಾರ 3 ಇಡಿ, ಗುಣಾಕಾರಕ್ಕೆ 128 ಬಿಟ್ ಬಳಸಿ. ಪೈಥಾನ್‌ನಲ್ಲಾದರೆ ಬಿಟ್‌ಗಳ ಈ ತಲೆನೋವೇ ಇಲ್ಲ.