ಹಳೇ ಲ್ಯಾಪ್‌ಟಾಪ್ ತುಂಬಾ ನಿಧಾನ, ಒಳಗಿಂದ ಟಿಕ್ ಟಿಕ್ ಸದ್ದು. ಹಾರ್ಡ್ ಡಿಸ್ಕ್ ಹೋಯ್ತಾ?

ಬಹುಶಃ ಹೋಗುವ ಹಾದಿಯಲ್ಲಿದೆ. ಮೊದಲು ಫೋಟೊ, ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ, ಪರೀಕ್ಷೆ ಆಮೇಲೆ. ಸುಮ್ನೆ ಚೆಕ್‌ಡಿಸ್ಕ್ (ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆ) ಓಡಿಸಬೇಡಿ, ಸೋತ ಡಿಸ್ಕಿಗೆ ಅದು ಇನ್ನೂ ಹೊರೆ.

ವಿಂಡೋಸ್ ಆದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ, ಉಚಿತ. ಅದರಲ್ಲಿ 05 ಎಂಬ ಸಾಲು, ಕೆಟ್ಟಿದ್ದಕ್ಕೆ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳ) ಲೆಕ್ಕ. ಸಿ5 ಅಂದರೆ ಓದಲು ಆಗದೆ ಬಾಕಿ ಉಳಿದವು. ಕೊನೇ ಕಾಲಂನ ಅಂಕಿ ಸಾಮಾನ್ಯವಾಗಿ ಹೆಕ್ಸಾಡೆಸಿಮಲ್‌ನಲ್ಲಿರುತ್ತದೆ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕ. 10 ಅಂತ ಕಂಡರೆ 16 ಅಂತ ಓದಿಕೊಳ್ಳಿ. ನಾನೂ ಮೊದಲು ಇಲ್ಲೇ ಎಡವಿದ್ದೆ! ಸಿ5 ಏರುತ್ತಲೇ ಇದ್ದರೆ ರಿಪೇರಿ ಯೋಚನೆ ಬಿಡಿ, ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್‌ನ ಡಿಸ್ಕ್) ಹಾಕಿಸಿ. ಬರೀ ಸಿ7 (ಕೇಬಲ್‌ನಲ್ಲಿ ಡೇಟಾ ಸಾಗುವಾಗಿನ ತಪ್ಪುಗಳ ಲೆಕ್ಕ) ಏರುತ್ತಿದ್ದರೆ ಕೇಬಲ್ ಸಡಿಲವಾಗಿರಬಹುದು, ಒಮ್ಮೆ ತೆಗೆದು ಗಟ್ಟಿಯಾಗಿ ಸಿಕ್ಕಿಸಿ ನೋಡಿ.