ಅಂಗವಿಕಲರ ಮೇಲೆ ಹಿಂಸೆ ಜಾಸ್ತಿ ನಡೆಯುವುದು ಯಾಕೆ?

ದೇಹದ ದುರ್ಬಲತೆಯೇ ಕಾರಣ ಅಂತ ಹಲವರು ತಿಳಿದಿದ್ದಾರೆ. ನನ್ನ ಪ್ರಕಾರ ದೊಡ್ಡ ಕಾರಣ ಅವಲಂಬನೆ. ಸ್ನಾನ, ಊಟ, ಔಷಧಿ, ಹಣ ಎಲ್ಲದಕ್ಕೂ ಒಬ್ಬರನ್ನೇ ನೆಚ್ಚಿಕೊಂಡಿದ್ದಾಗ, ಹೊಡೆಯುವವರೂ ಅವರೇ ಆದರೆ ಯಾರ ಹತ್ತಿರ ಹೇಳುವುದು? ಗಾಲಿಕುರ್ಚಿಯನ್ನು ಕೈಗೆ ಸಿಗದಂತೆ ಇಡುವುದು, ಮಾತ್ರೆ ಕೊಡದೆ ಸತಾಯಿಸುವುದು ಕೂಡ ಹಿಂಸೆಯೇ, ಅಲ್ವಾ? ಗಾಯ ಕಾಣುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಮಕ್ಕಳ ಸ್ಥಿತಿ ಇನ್ನೂ ಸಂಕಟದ್ದು. 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಅಂಗವಿಕಲ ಮಕ್ಕಳು ಹಿಂಸೆಗೆ ಸಿಲುಕುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಸುಮಾರು 3.7 ಪಟ್ಟು ಜಾಸ್ತಿ.

ಧೈರ್ಯ ಮಾಡಿ ಹೇಳಿದರೂ ನಂಬುವವರು ಕಡಿಮೆ. ಕಿವಿ ಕೇಳದವರು ದೂರು ಕೊಡಲು ಹೋದರೆ, ಸನ್ನೆ ಭಾಷೆ ತಿಳಿದವರೇ ಅಲ್ಲಿ ಇರದಿರಬಹುದು. ಸಿಕ್ಕಿಬೀಳುವ ಭಯವಿಲ್ಲ ಅನ್ನುವುದು ಹಿಂಸೆ ಮಾಡುವವರಿಗೂ ಚೆನ್ನಾಗಿ ಗೊತ್ತು.