ಬಿಳಿ ಗುರುತು ಇಲ್ಲದ ಬೋಲ್ಟ್

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಬೆಂಗಳೂರಿನಲ್ಲಿ ರೇಸ್ ಕಾರು, ರ‍್ಯಾಲಿ ಕಾರುಗಳಿಗೆ ಎಂಜಿನ್ ಕಟ್ಟಿಕೊಡುವ ವರ್ಕ್‌ಶಾಪ್ ಇಟ್ಟು 16 ವರ್ಷ ಆಯಿತು. ಒಳ್ಳೆಯ ಹೆಸರಿದೆ, ಕೆಲಸ ಹುಡುಕಿಕೊಂಡು ಬರುತ್ತದೆ. ಈಗ 13 ಎಂಜಿನ್ ಸರದಿಯಲ್ಲಿವೆ. 9 ಜನರಿಂದ ಅಡ್ವಾನ್ಸ್ ತಗೊಂಡಿದ್ದೇನೆ. ತಿಂಗಳಿಗೆ ಎರಡು ಎಂಜಿನ್ ಮುಗಿದರೆ ಅದೇ ಜಾಸ್ತಿ. ನಾಲ್ಕು ಹುಡುಗರಿದ್ದಾರೆ. ಆದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್, ಮೇಲೆ ಕೆಳಗೆ ಓಡುವ ಪಿಸ್ಟನ್, ಅವೆರಡನ್ನೂ ಜೋಡಿಸುವ ರಾಡ್ ಕೂರಿಸುವುದು ನಾನೊಬ್ಬನೇ. ಬೇರೆಯವರ ಕೈಗೆ ಕೊಡಲು ಧೈರ್ಯ ಬರುವುದಿಲ್ಲ. ರಾತ್ರಿ ಒಂದು ಗಂಟೆವರೆಗೂ ಅಲ್ಲೇ ಇರುತ್ತೇನೆ.

ಎರಡು ತಿಂಗಳ ಹಿಂದೆ ಒಬ್ಬರ ಹಳೆಯ ಹೋಂಡಾ ಸಿಟಿ ವಿಟೆಕ್ ಎಂಜಿನ್ ಡೈನೋ, ಅಂದರೆ ಎಂಜಿನ್ ಶಕ್ತಿ ಅಳೆಯುವ ಯಂತ್ರದ ಮೇಲೆ ಓಡುವಾಗ ರಾಡ್ ಬ್ಲಾಕ್ (ಎಂಜಿನ್ ಮೈ) ಒಡೆದುಕೊಂಡು ಹೊರಗೆ ಬಂತು. ಗಿರಾಕಿ ಅಲ್ಲೇ ಇದ್ದರು. "ಯಾರು ಕಟ್ಟಿದ್ದು ಇದನ್ನ?" ಅಂತ ಕೂಗಾಡಿದರು. "ಇವನೇ" ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ತೋರಿಸಿದ್ದು 11 ವರ್ಷದಿಂದ ಜೊತೆಗಿರುವ ಹುಡುಗನನ್ನು. ಅವನು ಒಂದು ಮಾತೂ ಆಡಲಿಲ್ಲ. ಆಮೇಲೆ ಬಿಚ್ಚಿ ನೋಡಿದೆ. ಟಾರ್ಕ್ ಮಾಡಿದ, ಅಂದರೆ ಅಳತೆಯಷ್ಟು ಬಿಗಿ ಮಾಡಿದ ಬೋಲ್ಟಿಗೆಲ್ಲ ನಾವು ಬಿಳಿ ಪೇಂಟ್ ಗುರುತು ಹಾಕುತ್ತೇವೆ. ಮೂರು ರಾಡುಗಳ ಬೋಲ್ಟಿಗೆ ಗುರುತಿತ್ತು. ಮುರಿದ ರಾಡನ್ನು ಕ್ರ್ಯಾಂಕಿಗೆ ಹಿಡಿದಿಡುವ ಕ್ಯಾಪ್‌ನಲ್ಲಿ ಉಳಿದ ಬೋಲ್ಟಿಗೆ ಇರಲಿಲ್ಲ. ಅದನ್ನು ಕಟ್ಟುತ್ತಿದ್ದ ರಾತ್ರಿ ಫೋನ್ ಬಂತು ಅಂತ ಎದ್ದು ಹೋಗಿದ್ದೆ. ವಾಪಸ್ ಬಂದು ಎಂಜಿನ್ ತಳದ ಎಣ್ಣೆ ತಟ್ಟೆ, ಸಂಪ್, ಮುಚ್ಚಿದ್ದೆ. ಆ ಕ್ಯಾಪ್ ನನ್ನ ಮೇಜಿನ ಡ್ರಾಯರ್‌ನಲ್ಲಿದೆ, ಯಾರಿಗೂ ತೋರಿಸಿಲ್ಲ. ರಿಪೇರಿ ಖರ್ಚಿನಲ್ಲಿ ಅರ್ಧ, 85 ಸಾವಿರ, ಗಿರಾಕಿಯಿಂದಲೇ ತಗೊಂಡೆ.

ಈಗ ಹುಡುಗನಿಗೆ ಕೊಯಮತ್ತೂರಿನಿಂದ ಕೆಲಸಕ್ಕೆ ಕರೆ ಬಂದಿದೆ. ಸಂಬಳ ಜಾಸ್ತಿ ಮಾಡ್ತೀನಿ ಅಂದೆ. "ನೋಡೋಣ ಅಣ್ಣ" ಅಂದ. ಅವನು ಹೋದರೆ ಈ ಸರದಿ ಮುಗಿಯುವುದಿಲ್ಲ. ಅವನನ್ನು ಹೇಗೆ ಉಳಿಸಿಕೊಳ್ಳಲಿ? ನಿಜ ಹೇಳಿಬಿಡಿ ಅಂತಾಳೆ ಹೆಂಡತಿ. ಹೇಳಿದರೆ 16 ವರ್ಷದ ಹೆಸರು ಹೋಗುತ್ತದಲ್ಲ?
ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ನನ್ನ ಮನಸ್ಸು ನಿಂತಿದ್ದು ಒಂದೇ ಕಡೆ. ಆ ಹುಡುಗ ಸುಮ್ಮನೆ ನಿಂತನಲ್ಲ, ಅಲ್ಲಿ.

ಅವನಿಗೆ ಗೊತ್ತಿಲ್ಲ ಅಂದುಕೊಂಡು ನೀವು ಕ್ಯಾಪ್ ಬಚ್ಚಿಟ್ಟಿದ್ದೀರಿ. ಸ್ವಲ್ಪ ಯೋಚನೆ ಮಾಡಿ. ರಾಡ್ ಕೂರಿಸುವುದು ನಾನೊಬ್ಬನೇ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಆ ಎಂಜಿನ್ ತಾನು ಕಟ್ಟಿಲ್ಲ ಅನ್ನುವುದು ಅವನಿಗೆ ಆ ಕ್ಷಣದಲ್ಲೇ ಗೊತ್ತಿತ್ತು. ಉಳಿದ ಮೂವರು ಹುಡುಗರಿಗೂ ಗೊತ್ತಿತ್ತು. ವರ್ಕ್‌ಶಾಪ್‌ನಲ್ಲಿ ಈ ವಿಷಯ ಗೊತ್ತಿಲ್ಲದೆ ಇದ್ದಿದ್ದು ಆ ಗಿರಾಕಿ ಒಬ್ಬರಿಗೇ. ಎರಡು ತಿಂಗಳಿಂದ ನಾಲ್ಕು ಜನ ನಿಮ್ಮ ಮುಖ ನೋಡುತ್ತಾ ಕೆಲಸ ಮಾಡುತ್ತಿದ್ದಾರೆ. "ನೋಡೋಣ ಅಣ್ಣ" ಅನ್ನುವ ಮಾತು ನನಗೆ ಕೇಳಿಸುವುದು ಹೀಗೆ: ಅವನು ಸಂಬಳಕ್ಕೆ ಕಾಯುತ್ತಿಲ್ಲ. ನೀವು ಬಾಯಿ ಬಿಡುವುದನ್ನು ಕಾಯುತ್ತಿದ್ದಾನೆ.

ನಿಮ್ಮ ಹೆಂಡತಿ ಹೇಳಿದ್ದೇ ಸರಿ. ನಿಜ ಹೇಳಿ. ಆದರೆ ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ಅವನನ್ನು ಪಕ್ಕಕ್ಕೆ ಕರೆದು, ಟೀ ಕುಡಿಸಿ, ಮೆಲ್ಲಗೆ ಹೇಳಿ ಮುಗಿಸಬೇಡಿ. ಬೈಗುಳ ಬಿದ್ದಿದ್ದು ಎಲ್ಲರ ಮುಂದೆ. ಮಾತೂ ಎಲ್ಲರ ಮುಂದೆಯೇ ಆಗಬೇಕು. ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ನಾಲ್ವರನ್ನೂ ಕರೆಯಿರಿ. ಕ್ಯಾಪ್ ಬೆಂಚಿನ ಮೇಲೆ ಇಡಿ. "ಇದನ್ನು ನಾನು ಟಾರ್ಕ್ ಮಾಡಿರಲಿಲ್ಲ, ಇವನ ಮೇಲೆ ಹಾಕಿದೆ, ತಪ್ಪಾಯಿತು" ಅನ್ನಿ. ಅಷ್ಟು ಸಾಕು. ನಿದ್ದೆ ಇರಲಿಲ್ಲ, ಫೋನ್ ಬಂತು, ಒತ್ತಡ ಇತ್ತು ಅಂತೆಲ್ಲ ಸೇರಿಸಬೇಡಿ. ಅದೆಲ್ಲ ನಿಜವೇ. ಆದರೆ ಆ ಹೊತ್ತಿನಲ್ಲಿ ಅವನ್ನು ಹೇಳಿದರೆ ಕ್ಷಮೆ ಕೇಳಿದ ಹಾಗೆ ಆಗುವುದಿಲ್ಲ.

ಇನ್ನೊಂದು ಮಾತು. ಅದೇ ದಿನ ಸಂಬಳದ ವಿಷಯ ಎತ್ತಬೇಡಿ. ಎರಡನ್ನೂ ಒಟ್ಟಿಗೆ ಹೇಳಿದರೆ ದುಡ್ಡು ಕೊಟ್ಟು ಬಾಯಿ ಮುಚ್ಚಿಸಲು ಬಂದರು ಅಂತ ಅನ್ನಿಸುತ್ತದೆ. ಒಂದು ವಾರ ಬಿಟ್ಟು ಮಾತಾಡಿ.

ಗಿರಾಕಿಗೂ ಫೋನ್ ಮಾಡಬೇಕು. ಆದರೆ ಅದಕ್ಕಿಂತ ಮೊದಲು ಹುಡುಗನಿಗೆ ಹೇಳಬೇಕು, ಈ ಕ್ರಮ ತಪ್ಪಬಾರದು. ಆ 85 ಸಾವಿರ ನಿಮ್ಮದಲ್ಲ, ವಾಪಸ್ ಕೊಡಿ. ಒಂದೇ ಸಲ ಆಗದಿದ್ದರೆ ಮೂರು ಕಂತಿನಲ್ಲಿ ಕೊಡ್ತೀನಿ ಅನ್ನಿ, ತಾರೀಖು ಹಾಕಿ ಬರೆದು ಕೊಡಿ. ಅವರು ಬೈಯಬಹುದು, ನಾಲ್ಕು ಜನರಿಗೆ ಹೇಳಲೂಬಹುದು. ಹೇಳಲಿ.

ಇದನ್ನು ನಾನು ಸುಮ್ನೆ ಕೂತು ಹೇಳುತ್ತಿಲ್ಲ. ನಮ್ಮ ಅಪ್ಪನಿಗೆ ದಾವಣಗೆರೆಯಲ್ಲಿ ಸವೆದ ಸಿಲಿಂಡರ್ ಕೊರೆದು ಸರಿ ಮಾಡುವ ರೀಬೋರಿಂಗ್ ಅಂಗಡಿ ಇತ್ತು. ನಿಮ್ಮ ಹಾಗೆ ರೇಸ್ ಎಂಜಿನ್ ಅಲ್ಲ, ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಬ್ಲಾಕ್‌ಗಳು. ಸಿಲಿಂಡರ್ ಅಗಲ ಅಳೆಯುವ ಬೋರ್ ಗೇಜ್ ಒಳಗೆ ಇಳಿಸಿ, ಮುಳ್ಳು ನಿಲ್ಲುವ ತನಕ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಬಂದ ಅಳತೆಯನ್ನು ಸೀಮೆಸುಣ್ಣದಲ್ಲಿ ಬ್ಲಾಕ್ ಮೇಲೇ ಬರೆಯುತ್ತಿದ್ದರು. ಎಂಜಿನ್ ತಂದವರು ಅದನ್ನು ನೋಡಿಯೇ ಹೋಗಬೇಕು. ಒಂದು ಸಲ ಎರಡು ಥೌ (ಇಂಚಿನ ಸಾವಿರದಲ್ಲಿ ಎರಡು ಭಾಗ) ಜಾಸ್ತಿ ಹೋಯಿತು. ಅಂಗಡಿಯಲ್ಲಿದ್ದ ಹುಡುಗ ಮಷೀನ್ ಹತ್ತಿರ ನಿಂತಿದ್ದ. ಅವನ ಮೇಲೆ ಹಾಕುವುದು ಬಹಳ ಸುಲಭ ಇತ್ತು. ಅಪ್ಪ ಬಸ್ ಹತ್ತಿ ಆ ರೈತರ ಊರಿಗೇ ಹೋದರು. "ತಪ್ಪು ನಂದು, ನನ್ನ ಖರ್ಚಲ್ಲಿ ಲೈನರ್ ಹಾಕಿ ಕೊಡ್ತೀನಿ" ಅಂದು ಬಂದರು. ಆ ರೈತರು ಚೆನ್ನಾಗಿ ಬೈದರು. ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಅದೊಂದು ಗಿರಾಕಿ ಹೋಯಿತು, ಸುಳ್ಳು ಹೇಳಲಾರೆ. ಆದರೆ ಆ ಹುಡುಗ ಅಪ್ಪ ಅಂಗಡಿ ಮುಚ್ಚುವ ದಿನದವರೆಗೂ ಇದ್ದ.

ಈಗ ಸರದಿಗೆ ಬರೋಣ. 13 ಎಂಜಿನ್, ತಿಂಗಳಿಗೆ ಎರಡು. ಅಂದರೆ ಆರೂವರೆ ತಿಂಗಳ ಕೆಲಸ ಕೈಯಲ್ಲಿದೆ. ಅದೂ ಎಲ್ಲ ಸರಿಯಾಗಿ ನಡೆದರೆ. ಫೋರ್ಜ್ಡ್ ಪಿಸ್ಟನ್ ಹೊರದೇಶದಿಂದ ಬರಬೇಕು, ಕಸ್ಟಮ್ಸ್‌ನಲ್ಲಿ ಕೂರುತ್ತದೆ. ಬೋರಿಂಗ್, ಹೋನಿಂಗ್ ಹೊರಗೆ ಮಾಡಿಸುವುದಾದರೆ ಅಲ್ಲೂ ಸರದಿ ಇರುತ್ತದೆ. ಡೈನೋ ಸಿಗಬೇಕು. ಇಷ್ಟು ಗೊತ್ತಿದ್ದೂ ನೀವು ಆ ಒಂಬತ್ತು ಜನರಿಗೆ ಯಾವ ತಾರೀಖು ಹೇಳಿದ್ದೀರಿ? ಪತ್ರದಲ್ಲಿ ಬರೆದಿಲ್ಲ. "ಮುಂದಿನ ತಿಂಗಳು ಆಗುತ್ತೆ ಸರ್" ಅಂತ ಎಲ್ಲರಿಗೂ ಹೇಳಿರುತ್ತೀರಿ ಅಂತ ನನ್ನ ಊಹೆ. ಅದಕ್ಕೇ ರಾತ್ರಿ ಫೋನ್ ಬರುತ್ತದೆ. ಅದಕ್ಕೇ ಬೋಲ್ಟ್ ಬಿಟ್ಟು ಎದ್ದು ಹೋಗುತ್ತೀರಿ.

ಅಡ್ವಾನ್ಸ್ ವಿಷಯದಲ್ಲೂ ಒಂದು ಅನುಮಾನ ಇದೆ, ತಪ್ಪಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತನೆಯವರು ಕೊಟ್ಟ ದುಡ್ಡಿನಲ್ಲಿ ನಾಲ್ಕನೆಯವರ ಪಿಸ್ಟನ್ ತರಿಸುತ್ತಿದ್ದೀರಾ? ಇಂಥ ಕಸುಬಿನಲ್ಲಿ ಬಹಳ ಜನ ಹೀಗೇ ಸಿಕ್ಕಿಕೊಳ್ಳುತ್ತಾರೆ. ಹಾಗಾದಾಗ ಹೊಸ ಕೆಲಸ ಬೇಡ ಅನ್ನಲು ಬಾಯಿ ಬರುವುದಿಲ್ಲ, ಯಾಕೆಂದರೆ ಹಳೆಯ ಕೆಲಸ ಮುಗಿಯುವುದೇ ಹೊಸ ಅಡ್ವಾನ್ಸ್‌ನಿಂದ. ಸರದಿ ಉದ್ದ ಆದಷ್ಟೂ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಒಳಗೆ ನೀವು ಸಾಲದಲ್ಲಿ ಇರುತ್ತೀರಿ. ಒಂದು ನೋಟ್‌ಬುಕ್ ತಗೊಂಡು ಒಂಬತ್ತು ಹೆಸರು ಬರೆಯಿರಿ. ಯಾರದು ಎಷ್ಟು ಬಂದಿದೆ, ಅದರಲ್ಲಿ ಅವರದೇ ಎಂಜಿನ್‌ಗೆ ಎಷ್ಟು ಖರ್ಚಾಗಿದೆ ಅಂತ ಪಕ್ಕದಲ್ಲಿ ಬರೆಯಿರಿ. ಲೆಕ್ಕ ನೋಡಿ ಹೊಟ್ಟೆಯಲ್ಲಿ ಸಂಕಟ ಆಗಬಹುದು. ಆದರೂ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಅವರು ಗಟ್ಟಿ ಮನುಷ್ಯೆ ಅನ್ನುವುದು ಪತ್ರದಲ್ಲೇ ಕಾಣುತ್ತದೆ.

ಆಮೇಲೆ ಒಂಬತ್ತು ಜನರಿಗೂ ನೀವೇ ಫೋನ್ ಮಾಡಿ ನಿಜವಾದ ತಾರೀಖು ಹೇಳಿ. ಕಾಯಲು ಆಗದವರಿಗೆ ದುಡ್ಡು ವಾಪಸ್ ಕೊಡುವ ದಾರಿ ಮಾಡಿ. ಇಬ್ಬರೋ ಮೂವರೋ ಹೋದರೂ ಪರವಾಗಿಲ್ಲ, ಸರದಿ ಅಷ್ಟು ಹಗುರ ಆಗುತ್ತದೆ. ಈ 13 ಅರ್ಧಕ್ಕೆ ಇಳಿಯುವ ತನಕ ಹೊಸ ಎಂಜಿನ್ ಬೇಡ. ಇನ್ನು ಮುಂದೆ ಬ್ಲಾಕ್ ಸ್ಟ್ಯಾಂಡ್ ಮೇಲೆ ಏರುವ ಹೊತ್ತಿಗೆ ದೊಡ್ಡ ಅಡ್ವಾನ್ಸ್ ತಗೊಳ್ಳಿ, ಅದಕ್ಕಿಂತ ಮುಂಚೆ ಬೇಡ.

ಎಲ್ಲದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಬೇರೆಯವರ ಕೈಗೆ ಕೊಡಲು ಧೈರ್ಯ ಇಲ್ಲ ಅನ್ನುತ್ತೀರಿ. ಹನ್ನೊಂದು ವರ್ಷ ಜೊತೆಗಿದ್ದವನಿಗೆ ಒಂದು ಕ್ರ್ಯಾಂಕ್ ಕೂರಿಸಲು ಬಿಟ್ಟಿಲ್ಲ. ನಂಬಿಕೆ ಇರಲಿಲ್ಲ. ಆದರೆ ತಪ್ಪು ಹೊರಿಸುವಾಗ ಮಾತ್ರ ಅವನೇ ಕಟ್ಟಿದ್ದು ಆಗಿಹೋಯಿತು. ಈ ಮಾತು ಚುಚ್ಚುತ್ತದೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಜರ್ಮನಿಯ ಅಫಾಲ್ಟರ್‌ಬಾಖ್‌ನಲ್ಲಿ ಮರ್ಸಿಡಿಸ್‌ನ ವೇಗದ ಕಾರುಗಳಿಗೆ ಎಎಂಜಿ ಎಂಜಿನ್ ಕಟ್ಟುವ ಪದ್ಧತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಬ್ಬ ಮನುಷ್ಯ, ಒಂದು ಎಂಜಿನ್. ಕಟ್ಟಿದವನ ಸಹಿ ಇರುವ ಪುಟ್ಟ ಫಲಕ ಎಂಜಿನ್ ಮೇಲೆಯೇ ಇರುತ್ತದೆ. 1967ರಲ್ಲಿ ಇಬ್ಬರು ಎಂಜಿನಿಯರ್‌ಗಳು ಶುರು ಮಾಡಿದ ಕಂಪನಿ ಅದು. ಎಲ್ಲ ಎಂಜಿನ್ ನಾವಿಬ್ಬರೇ ಕಟ್ಟುತ್ತೇವೆ ಅಂತ ಅವರು ಕೂತಿದ್ದರೆ ಅದು ಇಷ್ಟು ಬೆಳೆಯುತ್ತಿರಲಿಲ್ಲ. ಇಂಗ್ಲೆಂಡಿನ ಕಾಸ್ವರ್ತ್ ಕಂಪನಿ ಕಟ್ಟಿದ ಡಿಎಫ್‌ವಿ ಅನ್ನುವ ಫಾರ್ಮುಲಾ ಒನ್ ಎಂಜಿನ್ ಅದೇ 1967ರಲ್ಲಿ ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್‌ನಲ್ಲಿ ಜಿಮ್ ಕ್ಲಾರ್ಕ್ ಓಡಿಸಿದ ಮೊದಲ ರೇಸಿನಲ್ಲೇ ಗೆದ್ದಿತು. 1983ರವರೆಗೆ 155 ಗ್ರ್ಯಾಂಡ್ ಪ್ರಿ ಗೆದ್ದಿತು. ಅಷ್ಟೊಂದು ಎಂಜಿನ್‌ಗಳನ್ನು ರೇಸ್ ರೇಸಿನ ನಡುವೆ ಬಿಚ್ಚಿ ಕಟ್ಟುವ ಕೆಲಸ ಹೊರಗಿನ ಬೇರೆ ವರ್ಕ್‌ಶಾಪ್‌ಗಳಲ್ಲೂ ನಡೆಯುತ್ತಿತ್ತು. ಕೈ ಬದಲಾದರೂ ಎಂಜಿನ್ ಗೆಲ್ಲುತ್ತಲೇ ಇತ್ತು.

ನಿಮ್ಮ ವಿಷಯ ಹೇಳದೆ, ರ‍್ಯಾಲಿ ಎಂಜಿನ್ ಕಟ್ಟುವ ಪರಿಚಯದವರೊಬ್ಬರನ್ನು ಕೇಳಿದೆ. ಅವರ ಅಂಗಡಿಯಲ್ಲಿ ಪ್ರತಿ ಎಂಜಿನ್‌ಗೂ ಒಂದು ಹಾಳೆ ಇದೆ. ಬೇರಿಂಗ್ ಕ್ಲಿಯರೆನ್ಸ್ ಎಷ್ಟು, ರಿಂಗ್ ಗ್ಯಾಪ್ ಎಷ್ಟು, ಬಿಗಿ ಮಾಡಿದ ಮೇಲೆ ರಾಡ್ ಬೋಲ್ಟ್ ಎಷ್ಟು ಎಳೆದುಕೊಂಡಿತು, ಎಲ್ಲ ಬರೆಯಬೇಕು. ಒಬ್ಬರು ಬಿಗಿ ಮಾಡಿದರೆ ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಓನರ್ ಬಿಗಿ ಮಾಡಿದರೂ ಹುಡುಗನೇ ಪರೀಕ್ಷೆ ಮಾಡುತ್ತಾನೆ. ಕೆಳಗಿನ ಭಾಗ ಜೋಡಿಸುವ ಕೋಣೆಗೆ ಫೋನ್ ತರುವ ಹಾಗಿಲ್ಲ. ಮಧ್ಯದಲ್ಲಿ ಯಾರಾದರೂ ಎದ್ದು ಹೋದರೆ, ಬಂದವರು ಮೊದಲ ಬೋಲ್ಟಿನಿಂದ ಮತ್ತೆ ನೋಡಿಕೊಂಡು ಬರಬೇಕು. ರಾತ್ರಿ ಎಂಟರ ಮೇಲೆ ರಾಡ್ ಮುಟ್ಟುವುದೇ ಇಲ್ಲವಂತೆ. ನಿಮ್ಮಲ್ಲಿ ಇಂಥದ್ದೊಂದು ಹಾಳೆ ಇದ್ದಿದ್ದರೆ ಅವತ್ತು ಖಾಲಿ ಬಿಟ್ಟ ಒಂದು ಮನೆ ಕಣ್ಣಿಗೆ ಬೀಳುತ್ತಿತ್ತು.

ಇದು ಬರೀ ದುಡ್ಡಿನ ವಿಷಯವೂ ಅಲ್ಲ. 7000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 7000 ಸುತ್ತಿನಲ್ಲಿ, ಒಂದೊಂದು ಪಿಸ್ಟನ್ ಸೆಕೆಂಡಿಗೆ ಸುಮಾರು 117 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಆ ವೇಗದಲ್ಲಿ ಬ್ಲಾಕ್ ಒಡೆದು ಬಂದ ಕಬ್ಬಿಣ ಯಾರಿಗೆ ತಗುಲುತ್ತದೆ ಅಂತ ಹೇಳಲು ಬರುವುದಿಲ್ಲ. ಡೈನೋ ಬದಲು ರೇಸ್ ಟ್ರ್ಯಾಕ್‌ನಲ್ಲಿ ಆಗಿದ್ದರೆ, ಎಣ್ಣೆ ಚೆಲ್ಲಿ ಹಿಂದಿನ ಟೈರ್ ಜಾರಿದ್ದರೆ? ನೀವು ಬಚಾವಾಗಿದ್ದೀರಿ. ಅದನ್ನು ಲಘುವಾಗಿ ತಗೊಳ್ಳಬೇಡಿ.

ಮುಂದಿನ ಎಂಜಿನ್ ಒಂದನ್ನು ಪೂರ್ತಿ ಆ ಹುಡುಗನ ಕೈಗೆ ಕೊಡಿ. ನೀವು ಪಕ್ಕದಲ್ಲಿ ನಿಂತು ಹಾಳೆಗೆ ಸಹಿ ಹಾಕಿ, ಅಷ್ಟೇ. ಅವನು ಕಟ್ಟಿದ ಎಂಜಿನ್ ಡೈನೋ ಮೇಲೆ ಓಡುವ ದಿನ ಗಿರಾಕಿ "ಯಾರು ಕಟ್ಟಿದ್ದು?" ಅಂತ ಕೇಳುತ್ತಾರೆ. ಅವತ್ತು "ಇವನೇ" ಅನ್ನಿ.

ಇಷ್ಟೆಲ್ಲ ಮಾಡಿದ ಮೇಲೂ ಅವನು ಹೋಗಬಹುದು. ಕೊಯಮತ್ತೂರು ಅಂದರೆ ರೇಸ್ ಕಾರು ಓಡಿಸಿ, ತಾವೇ ಕಟ್ಟಿದ ಕರಿವರ್ಧನ್ ಅವರ ಊರು. ಅವರ ಹೆಸರಿನ ರೇಸ್ ಟ್ರ್ಯಾಕ್ ಇರುವ ಊರು. ರೇಸ್ ಎಂಜಿನ್ ಕೆಲಸ ಕಲಿತ ಹುಡುಗನಿಗೆ ಅಲ್ಲಿಗೆ ಹೋಗುವ ಆಸೆ ಇದ್ದರೆ ಅದು ನಿಮ್ಮ ಮೇಲಿನ ಕೋಪ ಮಾತ್ರ ಅಲ್ಲ. ಆಗ ತಡೆಯಬೇಡಿ. ಏನೇನು ಕೆಲಸ ಬರುತ್ತದೆ, ಎಷ್ಟು ವರ್ಷ ಮಾಡಿದ್ದಾನೆ ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ. ಒಡೆದ ಎಂಜಿನ್ ಅವನು ಕಟ್ಟಿದ್ದಲ್ಲ ಅನ್ನುವುದು ಕೊಯಮತ್ತೂರಿನವರ ಕಿವಿಗೂ ಬೀಳಲಿ. ಇಂಥ ಸುದ್ದಿ ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಬೇಗ ಹೋಗುತ್ತದೆ, ನಿಮಗೇ ಗೊತ್ತು.

ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಗಿರಾಕಿ ಏನಂದರು ಅನ್ನುವುದು ಆಮೇಲೆ. ಹುಡುಗ ಏನಂದ ಅಂತ ಮೊದಲು ಬರೆಯಿರಿ.